ಹನ್ನೊಂದು ಸೆಕೆಂಡು

ಬಬಲೇಶ್ವರ ನಾಕಾ ದಾಟಿ, ಕಲ್ಲಿನ ಖಣಿ ಬಾಜೂಕ
ರಸ್ತೆ ಎಡಕ್ಕ ಹೊಳ್ಳಿ ಏರು ಹಿಡಿಯೋ ಜಾಗಾ ನಮ್ಮದು.
ಯಾರೂ ಬರದು ಕೊಟ್ಟಿಲ್ಲ.
ಒಂದ್ಸಲ ಜಮಖಂಡಿ ಮಂದಿ ಅಲ್ಲಿ ಟೆಂಪೋ ಹಚ್ಚಿದ್ರು,
ನಾಕೂ ಗಾಲಿ ತಾವಽ ಮೆತ್ತಗಾದವು.
ದಾವಲಸಾಬ ಪಂಪು ಹೊಡದು, ರೊಕ್ಕಾ ಎಣಿಸಿ ತಗೊಂಡು,
"ರಸ್ತೆ ಭಾಳ ಕೆಟ್ಟದ ನೋಡ್ರಿ" ಅಂದ.

ನಾನು ಪಾಲಿಕೆ ಕಸಬರಿಗೆಯಾಕಿ.
ನನ್ನ ಹದ್ದು ನಾಕಾಕ್ಕಽ ಮುಗೀತದ, ಪಗಾರನೂ ಅಲ್ಲಿಗೇ.
ಆದ್ರೂ ರೇಸಿನ ದಿನ ನಸುಕಿನ್ಯಾಗ, ಬ್ಯಾಟ್ರಿ ಬಾಯಾಗ ಕಚ್ಚಿ,
ಆ ತಿರುವಿನ ಉಸುಕು, ಖಡಿ, ಗಾಜಿನ ಚೂರು ಗುಡಿಸಿ
ಕಡೀಕ ಅಂಗೈ ಆಡಿಸಿ ನೋಡ್ತೀನಿ.
ನಮ್ಮ ಹುಡುಗಿ ಅಲ್ಲಿ ವಾಲಿ ಬರ್ತಾಳ,
ಭೂಮಿಗೆ ಕಿವಿ ಕೊಟ್ಟಂಗ.

ಅಂಬಕ್ಕ ತಳವಾರ.
ಹಾಲಿನ ಕ್ಯಾನು ಜೋತುಬಿಟ್ಟ ಸೈಕಲ್ ಮ್ಯಾಲ ಕಲಿತಾಕಿ.
ಯಾವ ಓಣಿಯಾಕಿ ಅಂತ ನಾಕು ಓಣಿ ಜಗಳಾಡ್ತಾವ.
ಆಕೀಗೆ ನನ್ನ ಹೆಸರು ಗೊತ್ತಿಲ್ಲ,
ಗೊತ್ತಾಗಿ ಆಗೋದರೇ ಏನದ?

ಮೂರು ತಾಸು ನಿಂತ್ರ ಆಕಿ ಸಿಗೋದು ಹನ್ನೊಂದು ಸೆಕೆಂಡು.
ರಿಟೈರ್ ಕಂಡಕ್ಟರ್ ಗುರುಪಾದಪ್ಪ ಹಳೇ ಟಿಕೀಟಿನ ಹಿಂದ ಬರದಿಟ್ಟಾನ:
ಹನ್ನೊಂದು. ಹನ್ನೊಂದೂವರಿ. ಗಾಳಿ ಎದುರಿದ್ದಾಗ ಹನ್ನೆರಡು.
ಅಷ್ಟಕ್ಕಽ ಕಲ್ಲವ್ವ ಬುಟ್ಟಿ ರೊಟ್ಟಿ ಹಂಚ್ತಾಳ,
ಹುಡುಗ್ರು ಮೈಯೆಲ್ಲ ಅರಿಷಿಣ ಬಡಕೊಂಡು ನಿಲ್ತಾರ,
ಅಷ್ಟಕ್ಕಽ ನನ್ನ ಗಂಟಲು ಕೂತು
ಒಂದು ವಾರ ಮುಕಾದಮಗ ಕೈಸನ್ನಿಲೆ ಹಾಜರಿ ಹೇಳ್ತೀನಿ.
ಗುಮ್ಮಟದಾಗ ಒಂದ್ಸಲ ಕೂಗಿದ್ರ ಏಳು ಸಲ ಹೊಳ್ಳಿ ಬರ್ತದ.
ಈ ಬಯಲಾಗ ಕೂಗಿದ್ದು ಹೊಳ್ಳಿ ಬರೂದಿಲ್ಲ.
ಆಕಿ ತಗೊಂಡು ಹೋಗ್ತಾಳ.

ಅವತ್ತು
ಬಂದ್ಳು, ವಾಲಿದ್ಳು,
ಮುಂದಿನ ಗಾಲಿ ಒಂದು ಶಬ್ದಾ ಮಾಡ್ತು,
ಹಸಿ ಅರಿವಿ ಹರದಂಗ.
ಬಿದ್ಳು. ನನ್ನ ಚಪ್ಪಲಿಯಿಂದ ಎರಡು ಮಾರು.

ಐವತ್ತು ಕೈ ಒಮ್ಮೆಲೇ ಎದ್ದವು.
ಗುರುಪಾದಪ್ಪ ಸೀಟಿ ಊದಿದ, ಬಸ್ಸು ನಿಲ್ಲಿಸೋ ಸೀಟಿ:
"ಮುಟ್ಟಬ್ಯಾಡ್ರೋ! ಮುಟ್ಟಿದ್ರ ಆಕಿ ಔಟ್!"
ಹಿಂದ ಅಂಪೈರನ ಮೋಟಾರ್ ಸೈಕಲ್ ಬರ್ತಿತ್ತು.

ಆ ಮಾತು ನನಗ ಹೊಸದಲ್ಲ.
ಸಣ್ಣಾಕಿದ್ದಾಗ ಹಳ್ಳಿಯ ಬಾವಿ ಕಟ್ಟಿ ಮ್ಯಾಲ ಕೇಳೇನಿ,
ತುಂಬಿದ ಕೊಡಾ ಎತ್ತಿ ಸುರುವಿದ್ದೂ ನೋಡೇನಿ.
ಪ್ರೀತಿಲೆ ಅದನ್ನ ಅಂದದ್ದು
ಮೊದಲು ಕೇಳಿದ್ದು ಅಲ್ಲೇ, ಡಾಂಬರಿನ ಮ್ಯಾಲ.

ಈ ಕೈಗಳನ್ನ ಏನು ಮಾಡೋಣ?
ದಾವಲಸಾಬ ಬಗಲಾಗ ಹುದುಗಿಸಿದ.
ಕಲ್ಲವ್ವ ಸೆರಗಿನ್ಯಾಗ ಸುತ್ತಿಕೊಂಡ್ಳು.
ಪೈಲ್ವಾನನಂಥಾವ ಒಬ್ಬ, ಯಾರೋ ಏನೋ, ನನ್ನ ಮಣಿಕಟ್ಟು ಹಿಡದ,
ನಾನು ಅವಂದು ಹಿಡದೆ.
ಆಕಿ ಎದ್ಲು. ಮೊಣಕೈಯಾಗ ಖಡಿ, ಚೈನು ಜೋಲಿ.
ಬೆರಳಿಲೆ ಎತ್ತಿ ಹಲ್ಲಿಗೆ ಏರಿಸಿದ್ಳು,
ತಪ್ತು. ಮತ್ತ ಏರಿಸಿದ್ಳು.
ಯಾರೂ ಕೂಗಲಿಲ್ಲ. ಖಣಿಯಾಗ ಗೌಜಲಕ್ಕಿ ಕೂಗ್ತಿತ್ತು.
ಪೆಡಲ್ ಮ್ಯಾಲ ಕಾಲು ಇಟ್ಟಾಗ
ನಮ್ಮೊಳಗಿಂದ ಏನೋ ಹೊಂಟು ಆಕಿ ಬೆನ್ನು ಹತ್ತಿತು.
ಅದು ಕೂಗು ಅಂತ ಆಮ್ಯಾಲ ತಿಳೀತು.

ಗೆದ್ದಾಕಿ ಜಮಖಂಡಿಯಾಕಿ. ನಮ್ಮಾಕಿ ಹದಿನಾರನೇದಾಕಿ.
ಹಲಗಿ ಬಡಕೊಂತ ಅವರ ಟೆಂಪೋ ನಮ್ಮ ತಿರುವಿನ್ಯಾಗಽ
ಬೇಕಂತ ಮೆಲ್ಲಕ ಹೋತು.

ನಾನು ರಸ್ತೆ ಮ್ಯಾಲ ಕುಕ್ಕರಗಾಲಿಲೆ ಕುಂತು ಹುಡುಕಿದೆ.
ಒಂದು ಹರಳು ಸಿಕ್ತು, ಕಡ್ಲಿಯಷ್ಟು.
ನಾ ಬಿಟ್ಟದ್ದೋ, ಯಾವ ಲಾರಿ ಚೆಲ್ಲಿದ್ದೋ.
ಕುಬಸದಾಗ ಇಟಗೊಂಡೆ.

ಗುರುಪಾದಪ್ಪ ಟಿಕೀಟು ಹೊಳ್ಳಿಸಿ ಬರದ:
ಒಂದು ನಿಮಿಷ, ನಾಕು ಸೆಕೆಂಡು.
ಓದಿದ. ಮತ್ತೊಮ್ಮೆ ಓದಿದ.
ಅಷ್ಟು ಹೊತ್ತು ಆಕೀನ್ನ ನಾವು ಎಂದೂ ನೋಡಿದ್ದಿಲ್ಲ.
ಆ ಮಾತು ಯಾರೂ ಆಡಲಿಲ್ಲ.
ಟಿಕೀಟು ಮಾತ್ರ ಕೈಯಿಂದ ಕೈಗೆ ಹೋಗಿ
ಮೂಲಿ ಮೆತ್ತಗಾಗಿ ಬಂತು.