ತಪ್ಪು ಒಪ್ಪು

ಗೋಣಿಚೀಲದ ತಳದಲ್ಲಿ ಸಿಕ್ಕಿತು:
ನಲವತ್ತೆಂಟು ಪುಟ, ಬೆಲೆ ಆರಾಣೆ,
ರಟ್ಟಿಲ್ಲ, ಬೆನ್ನಿಗೆ ತುಕ್ಕು ಹಿಡಿದ ಎರಡು ಪಿನ್ನು.
ತುಂಗಮ್ಮಣ್ಣಿ, ಬಳೇಪೇಟೆ, ಬೆಂಗಳೂರು ಸಿಟಿ.
ಬರೆದವರೂ ಅವರೇ, ಪ್ರಕಟಿಸಿದವರೂ ಅವರೇ.
ಒಳಗೆ ನಮ್ಮದೇ ದುಂಡು ಮೊಹರು,
೧೯೫೧, ಜೂನ್, ತಾರೀಖು ಅಳಿಸಿದೆ.

ಕಬ್ಬನ್ ಪಾರ್ಕಿನ ಈ ಕೆಂಪು ಕಟ್ಟಡದಲ್ಲಿ
ನನ್ನ ಕೆಲಸ ದೊಡ್ಡದೇನಲ್ಲ.
ಬ್ರಷ್ಷಿನಲ್ಲಿ ಧೂಳು ಹೊಡೆಯುವುದು, ನಂಬರು ಬರೆಯುವುದು,
ಸ್ಕ್ಯಾನಿಂಗಿಗೆ ಮೇಲಕ್ಕೆ ಕಳಿಸುವುದು.
ದಿನಕ್ಕೆ ಮೂವತ್ತು, ಮೇಡಂ ಲೆಕ್ಕ.
ಇದು ಹದಿನೇಳನೆಯದು. ನಿಂತುಬಿಟ್ಟೆ.

ಹಾಳೆಗಳ ಮಡಿಕೆ ಬಿಡಿಸಿಯೇ ಇಲ್ಲ!
ಅಚ್ಚುಕೂಟದಿಂದ ಹೇಗೆ ಬಂತೋ ಹಾಗೆಯೇ,
ಅಂಚಿಗೆ ಅಂಚು ಕೂಡಿಕೊಂಡು, ಬಾಯಿ ಹೊಲಿದ ಹಾಗೆ.
ಎಪ್ಪತ್ತು ಚಿಲ್ಲರೆ ವರ್ಷದಲ್ಲಿ
ಒಂದು ಹುಳ ಮಾತ್ರ ಓದಿದೆ ಇದನ್ನು,
ಮೊದಲಿಂದ ಕೊನೆಯವರೆಗೆ, ಎಲ್ಲೂ ಬಿಡದೆ,
ಸಾಸಿವೆಯಷ್ಟು ತೂತಿನಲ್ಲಿ.

ಹಿಂಬದಿಗೆ ಬೆರಳುದ್ದದ ಚೀಟಿ ಅಂಟಿಸಿದೆ, ತಪ್ಪು ಒಪ್ಪು:
"ಹದಿನಾಲ್ಕನೆಯ ಪುಟ, ಮೂರನೆಯ ಸಾಲು,
ಮರೆತೆ ಎಂದಿರುವಲ್ಲಿ
ಮೊರೆದೆ ಎಂದು ಓದಿಕೊಳ್ಳಬೇಕಾಗಿ ಪ್ರಾರ್ಥನೆ."

ಅಷ್ಟೇ. ಒಂದೇ ಒಂದು ತಪ್ಪು.
ಅದಕ್ಕಾಗಿ ಮತ್ತೆ ಮೊಳೆ ಜೋಡಿಸಿರಬೇಕು ಯಾರೋ,
ಮತ್ತೆ ಶಾಯಿ, ಮತ್ತೆ ಮೈದಾದ ಅಂಟು;
ಬಳೆ ಹಿಂದಕ್ಕೆ ಸರಿಸಿ, ದೀಪ ಹತ್ತಿರ ಎಳೆದುಕೊಂಡು
ಒಂದೊಂದು ಪ್ರತಿಗೂ ಅವರೇ ಅಂಟಿಸಿರಬೇಕು.
ಎಷ್ಟು ಪ್ರತಿಯೋ. ಮನೆಯವರು ಏನೆಂದರೋ.
ಉಳಿದವು ಒಲೆಗೆ ಹೋದವೋ,
ಅಕ್ಕಿಪೇಟೆಯ ಅಂಗಡಿಯಲ್ಲಿ ಜೀರಿಗೆ ಕಟ್ಟಿದವೋ.
ನಮಗೆ ಕಳಿಸಬೇಕಾದ ಒಂದನ್ನು ಕಳಿಸಿದ್ದಾರೆ.
ನಾವು ಇಟ್ಟಿದ್ದೇವೆ. ಓದಿಲ್ಲ. ಇಟ್ಟಿದ್ದೇವೆ.

ಬೈಂಡರ್ ಗೌಸ್ ಪೀರ್ ತಮ್ಮ ಮೂಳೆಯ ಚಾಕು ಕೊಟ್ಟರು:
"ಸೀಳಬೇಡ. ಉಸಿರು ಬಿಟ್ಟ ಹಾಗೆ ಎಳಿ."
ಎಳೆದೆ. ಕಾಗದ ಸಣ್ಣಗೆ ಕೆಮ್ಮಿತು.
ಹನ್ನೆರಡು, ಹದಿಮೂರು.
ಹದಿನಾಲ್ಕು.

ಪುಸ್ತಕದ ಮೇಲೆ ಪೆನ್ಸಿಲ್ ಆಡಿಸಬಾರದು, ನಿಯಮ.
ಅಚ್ಚಿನಲ್ಲಿ ಅದು ಮರೆತೆ ಎಂದೇ ಇರುತ್ತದೆ,
ಸ್ಕ್ಯಾನಿನಲ್ಲೂ ಮರೆತೆ, ಇನ್ನು ನೂರು ವರ್ಷಕ್ಕೂ ಮರೆತೆ.
ತಿದ್ದಬಹುದಾದ ಜಾಗ ಒಂದೇ, ಬಾಯಿ.

ಓದಿದೆ, ಸ್ವಲ್ಪ ಜೋರಾಗಿಯೇ:
ಬತ್ತಿದ ಬಾವಿಗೆ ಬಾಗಿ ನನ್ನ ಹೆಸರ ಮೊರೆದೆ.

ಆಚೆ ಹಾಲಿನಲ್ಲಿ ಕೆಪಿಎಸ್‌ಸಿಗೆ ಓದುವ ಹುಡುಗರು ತಲೆ ಎತ್ತಿದರು.
ಒಬ್ಬಳು ಗೋಡೆಯ ಬೋರ್ಡು ತೋರಿಸಿ
ಶ್ ಎಂದಳು.
ತಪ್ಪಾಯಿತು ಎಂದೆ.
ಹದಿನಾರಕ್ಕೆ ಚಾಕು ಹಾಕಿದೆ.