ಐದರ, ಆರರ ನಡುವೆ

ಮೊನ್ನೆ ಕೊಳವೆಯೊಳಗೆ ಅರ್ಧ ಗಂಟೆ ಮಲಗಿಸಿದ್ದರು.
ಅಲುಗಬೇಡಿ ಅಂದರು. ಅದರ ಸದ್ದೋ,
ಹಳೇ ಡೀಸೆಲ್ ದೋಣಿ ಕೆಮ್ಮಿ ಕೆಮ್ಮಿ
ಕೊನೆಗೂ ಹೊರಡದೆ ಉಳಿದ ಹಾಗೆ.

ಇವತ್ತು ಕೊರುನ್ಯಾದ ಆಸ್ಪತ್ರೆ, ಮೂರನೇ ಮಹಡಿ.
ನನ್ನ ಮಗನಿಗಿಂತ ಚಿಕ್ಕವನು ಡಾಕ್ಟರ್ ಸೆಯ್ಶಾಸ್,
ಪರದೆಗೆ ಪೆನ್ನು ತಾಗಿಸಿ,
"ದೊರಿಂದಾ, ಇದು ನಿಮ್ಮ ಕುತ್ತಿಗೆ."
ನಾನೆಂದೂ ಕಾಣದ ನನ್ನ ಹಿಂಬದಿ:
ಬೂದುಬಣ್ಣದ ಏಳು ಮಣಿ,
ಬಲೆಯಂಚಿಗೆ ಪೋಣಿಸಿದ ಸೀಸದ ಗುಂಡುಗಳು.

ಐದರ, ಆರರ ನಡುವಿನ ಮೆತ್ತೆ ಹಿಂದಕ್ಕೆ ಉಬ್ಬಿದೆಯಂತೆ.
ನರ ಹೊರಬರುವ ಕಿಂಡಿ ಕಿರಿದಾಗಿದೆಯಂತೆ.
ಬೆನ್ನುಹುರಿಗೆ ತಾಗಿದೆ, ಹಿಸುಕಿಲ್ಲ.
ಹುರಿ ಅಂದದ್ದೇ ತಡ, ನನಗೆ ತಿಳಿಯಿತು.
ನಲವತ್ತೊಂದು ವರ್ಷ ಹುರಿಯ ಜೊತೆ ಬಾಳಿದವಳು;
ಎಲ್ಲಿ ಸವೆದಿದೆ, ಎಲ್ಲಿ ಬರೀ ತೊಯ್ದಿದೆ
ಕತ್ತಲಲ್ಲೂ ಬೆರಳು ಹೇಳುತ್ತಿತ್ತು.
ಹೇಳುತ್ತಿತ್ತು.
ಈಗ ಈ ಹೆಬ್ಬೆರಳು, ಈ ತೋರುಬೆರಳು
ಬೇರೆ ಯಾರದೋ ಕೈಗವಸು.

ಮೊದಲು ಅಮ್ಮ, ಆಮೇಲೆ ದೋಣಿಯ ಯಜಮಾನರು
ತಲೆ ತಗ್ಗಿಸಿ ಕೆಲಸ ಮಾಡು ಅಂದರು.
ಮಾಡಿದೆ, ಬಂದರಿನ ಕಾಂಕ್ರೀಟಿನ ಮೇಲೆ ಕೂತು, ಹರಿದ ಬಲೆ ಮಡಿಲಲ್ಲಿ.
ಈಗ ಈ ಹುಡುಗ ತಲೆ ಎತ್ತಿ ಅನ್ನುತ್ತಾನೆ.
ಗದ್ದ ಒಳಗೆಳೆದು, ದಿನಕ್ಕೆ ಮೂರು ಹೊತ್ತು, ಆರು ವಾರ.
ಜಗ್ಗದಿದ್ದರೆ ನರದ ಬೇರಿಗೊಂದು ಸೂಜಿಮದ್ದು.
ಅದಕ್ಕೂ ಜಗ್ಗದಿದ್ದರೆ ಕತ್ತು ಮುಂದಿನಿಂದ ಸೀಳಿ
ಮೆತ್ತೆ ತೆಗೆದು, ಎರಡು ಮಣಿಗೆ ಒಂದೇ ತಗಡು, ನಾಲ್ಕು ತಿರುಪು.
"ಮುಂದಿನಿಂದಲೇ? ನೋವು ಹಿಂದಲ್ಲವೇ?"
ಆ ದಾರಿ ಹತ್ತಿರವಂತೆ.

ಕೇಳಿದೆ: ಬಲೆಯ ಎರಡು ಕಣ್ಣು ಸೇರಿಸಿ ಬಿಗಿದರೆ
ಎಳೆತವೆಲ್ಲ ಪಕ್ಕದ ಕಣ್ಣಿಗೆ ಬೀಳುತ್ತದಲ್ಲ, ಇಲ್ಲೂ ಹಾಗೆಯೋ?
ಪೆನ್ನು ನಿಂತಿತು.
"ಕೆಲವರಿಗೆ, ವರ್ಷಗಳ ಮೇಲೆ, ಹೌದು."
ಆಗ ಅವನ ಮೇಲೆ ನಂಬಿಕೆ ಬಂತು.

"ನಿಮ್ಮ ವಯಸ್ಸಿಗೆ ಇಂಥ ಚಿತ್ರ ನೋವಿಲ್ಲದವರಲ್ಲೂ ಕಾಣುತ್ತದೆ.
ನಾನು ಚಿತ್ರಕ್ಕೆ ಮದ್ದು ಕೊಡುವವನಲ್ಲ. ಮೊದಲು ಆರು ವಾರ ನೋಡೋಣ.
ಆದರೆ ನಡೆವಾಗ ಕಾಲು ತೊಡರಿದರೆ,
ಗುಂಡಿ ಹಾಕಲು ಬೆರಳು ಸೋತರೆ,
ಅದೇ ದಿನ ಬನ್ನಿ. ಕಾಯಬೇಡಿ."

ಬಸ್ ನಿಲ್ದಾಣದಲ್ಲಿ ಗದ್ದ ಒಳಗೆಳೆದು ನಿಂತೆ.
ಎದುರಿನ ಮುದುಕ, ತನ್ನ ಮೇಲೇ ಸಿಟ್ಟೆಂದು
ಪಾಪ, ಸಿಗರೇಟು ಆರಿಸಿದ.
ಮಾಲ್ಪಿಕಾ ಬಸ್ಸು ಬರುವ ತನಕ ಕೋಟಿನ ಗುಂಡಿ
ಬಿಚ್ಚಿದೆ, ಹಾಕಿದೆ, ಬಿಚ್ಚಿದೆ.
ಮೂರನೆಯದು ತಡವಾಯಿತು.
ಹಾಕಿದೆ.