ತುಟಿಗೆ ಕೂರುವ ಮಾತು

ಅಂಧೇರಿಯ ನೆಲಮಾಳಿಗೆ, ಗೋಡೆಗೆಲ್ಲ ಕಪ್ಪು ಸ್ಪಂಜು.
ಹಗಲು ಇಲ್ಲಿಗೆ ಇಳಿಯುವುದಿಲ್ಲ;
ಅದಕ್ಕೇ ಇರಬೇಕು, ಈ ಚಿತ್ರ ನಮ್ಮ ಪಾಲಿಗೆ ಬಂತು.

ಪರದೆಯ ಮೇಲೆ ಹಿಮದ ಯಾವುದೋ ಊರು,
ಟ್ರಾಮಿನ ಕೊನೆಯ ನಿಲ್ದಾಣ.
ಇನ್ನೂರು ವರ್ಷ ಹಳೆಯ ರಕ್ತಪಿಶಾಚಿ
ಒಂದು ರೀಲಿನಲ್ಲಿ ಗೌನು, ಇನ್ನೊಂದರಲ್ಲಿ ಉದ್ದ ಕೋಟು.
ಕಂಡಕ್ಟರ್ ಏನನ್ನೂ ಕೇಳುವುದಿಲ್ಲ.
ಟಿಕೇಟು ಹರಿದು ಕೊಡುತ್ತಾನೆ,
ಬೆರಳು ತೀರಾ ತಣ್ಣಗಿದ್ದರೆ ತನ್ನ ಕೈಗವಸು ಕಳಚಿ ಕೊಡುತ್ತಾನೆ.

ನನ್ನ ಕೆಲಸ ಸಣ್ಣದು:
ಅವರ ತುಟಿಗೆ ಕನ್ನಡ ಕೂರಿಸುವುದು.
ಮುಚ್ಚಿದ ಕಡೆ ಪ, ಬ, ಮ.
ತೆರೆದ ಕಡೆ ಆ.
ನಿಮಿಷಕ್ಕಿಷ್ಟು ಎಂದು ಕೂಲಿ.

ಮೂರನೆಯ ದೃಶ್ಯದಲ್ಲೇ ಸಿಕ್ಕಿಬಿದ್ದೆ.
ಬೇಕರಿಯ ಮುದುಕಿ ಕಿಟಕಿಯಿಂದ ಇಣುಕಿ ಹೇಳಬೇಕು,
ಬಂದನು? ಬಂದಳು? ಬಂತು?
ರಾತ್ರಿಶಾಲೆಯ ಹೊಳ್ಳ ಮೇಷ್ಟ್ರು ಇದ್ದಿದ್ದರೆ
ಪಿಶಾಚಿ ನಪುಂಸಕಲಿಂಗ, ಮುಂದಕ್ಕೆ ಹೋಗು ಅನ್ನುತ್ತಿದ್ದರು.
ಹೋಗಲಾಗಲಿಲ್ಲ.
ಪಕ್ಕದ ಕೋಣೆಯಲ್ಲಿ ಹಿಂದಿಯವರದು ಇನ್ನೂ ದೊಡ್ಡ ಪಾಡು,
ಅಲ್ಲಿ ‘ನಾನು ಬಂದೆ’ ಅನ್ನಲಿಕ್ಕೂ
ಗಂಡೋ ಹೆಣ್ಣೋ ಆಗಿರಬೇಕು.
ಮಿಲಿಂದ ಮೆಟ್ಟಿಲ ಮೇಲೆ ಸಿಗರೇಟು ಹಚ್ಚುತ್ತಾ
ನಿಮ್ಮ ಭಾಷೆ ಅರ್ಧ ಬಚಾವ್, ಎಂದ.

ಆಮೇಲೆ ನೀನು ಬಂದೆ, ದನಿ ಕೊಡಲು.
ಹೆಡ್‌ಫೋನು ಸರಿಮಾಡಿ, ಒಮ್ಮೆ ಕೆಮ್ಮಿ,
‘ನನಗೆ ಹಸಿವು’ ಎಂದೆ.
ನಿನ್ನ ದನಿಗೆ ಯಾವ ಬೋರ್ಡೂ ಇರಲಿಲ್ಲ.
ಸೌಂಡಿನ ಹುಡುಗ ಗೆರೆಗಳನ್ನು ನೋಡಿ ತಲೆ ಕೆರೆದುಕೊಂಡ.
ನಾನು ಚಹಾದ ಗ್ಲಾಸು ಕೆಳಗಿಡುವುದು ಮರೆತೆ.

ಆ ರಾತ್ರಿಯೇ ಕೂತು ಎಲ್ಲ ತಿದ್ದಿದೆ.
ಊರವರು ಬೆನ್ನ ಹಿಂದೆ ಆಡುವ ಮಾತು ಕತ್ತರಿಸಿ
ನಾನು, ನೀನು, ಇಷ್ಟರಲ್ಲೇ ಸಂಸಾರ ನಡೆಸಿದೆ.
ಮುದುಕಿಯ ಬಾಯಿಗೆ ‘ಬಂತಲ್ಲ ಸವಾರಿ!’ ಎಂದು ಹಾಕಿದೆ.
ಅವಳಿಗೂ ಒಪ್ಪಿತು, ಬಾಯಲ್ಲಿ ಬ್ರೆಡ್ಡಿತ್ತು.

ಕೊನೆಯ ಲೋಕಲ್.
ಇಲ್ಲಿ ಹೆಂಗಸರು, ಅಲ್ಲಿ ಉಳಿದವರು,
ಕಬ್ಬಿಣಕ್ಕೂ ಪ್ರತ್ಯಯ ಹಚ್ಚಿದ್ದಾರೆ.
ನೀನು ಲಗೇಜ್ ಡಬ್ಬಿ ತೋರಿಸಿದೆ.
ಖಾಲಿ ಮೀನುಬುಟ್ಟಿ, ನೀರು ಜಿನುಗುವ ನೆಲ,
ಭಾಯಂದರಿನ ಮೀನುಗಾರ್ತಿ ಕಾಲು ಸರಿಸಿ ಜಾಗ ಕೊಟ್ಟಳು,
ಏನನ್ನೂ ಕೇಳಲಿಲ್ಲ.
ಜೋಗೇಶ್ವರಿ, ಗೋರೆಗಾಂವ್, ಮಲಾಡ್.
ಕಚ್ಚುತ್ತೀಯಾ? ಅಂದೆ.
ಬರೆದುಕೊಟ್ಟರೆ ಕಚ್ಚುವುದೇ, ಅಂದೆ.
ಯಾರು ಯಾವುದನ್ನು ಅಂದದ್ದು,
ಕ್ರಿಯಾಪದ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಉಳಿದದ್ದು ಹೊಸಿಲಿನ ದೃಶ್ಯ.
ಒಳಗಿನವರು ಕರೆಯದೆ ರಕ್ತಪಿಶಾಚಿ ದಾಟುವಂತಿಲ್ಲ.
ನಮ್ಮಜ್ಜಿ ಪರೇಲಿನ ಚಾಳಿನ ಬಾಗಿಲಿಗೆ
ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದಳು,
ಇಡೀ ಮಹಡಿಯಲ್ಲಿ ಕನ್ನಡ ಓದಬಲ್ಲ ದೆವ್ವ ಒಂದೂ ಇರದಿದ್ದರೂ.
ಕೈ ತಾನಾಗಿ ಅದನ್ನೇ ಬರೆಯಿತು.
ಕೂರಲಿಲ್ಲ.
ಕಂಡಕ್ಟರನ ತುಟಿ ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತದೆ.
ಹದಿನಾಲ್ಕು ಫ್ರೇಮು.
ನಾಳೆಗೆ ಅಲ್ಲಿ ಜಾಗವಿಲ್ಲ.

ಅವನ ದನಿಯವರು ಅಂದು ಬಂದಿರಲಿಲ್ಲ.
ಬರೀ ಅಳತೆಗೆ, ನೀನೇ ಹೇಳಿಬಿಡು, ಎಂದರು ನನಗೆ.
ಕೆಂಪು ದೀಪ ಹತ್ತಿತು.
ಗಾಜಿನಾಚೆ ನೀನು, ಕೈಗವಸಿಲ್ಲದೆ.
ತುಟಿ ಮುಚ್ಚಿದೆ,
ತೆರೆದೆ.